ಎರಡು ಮಿಲಿಮೀಟರ್ ಕೆಂಪು

"ಇದನ್ನ ಸರಿ ಮಾಡಿದ್ದು ಯಾರು?"

ಕೇಳಿದವನ ಕೈಯಲ್ಲಿ ಹೊಸ ಕ್ಯಾಲೆಂಡರ್ ಇತ್ತು, ಮುಖ ಕೆಂಡವಾಗಿತ್ತು. ಬೆಳಗ್ಗೆ ಹತ್ತೂವರೆ ಗಂಟೆ. ಕೌಂಟರಿನ ಅಡ್ಡಹಲಗೆ ಎತ್ತಿ, ಯಾರನ್ನೂ ಕೇಳದೆ, ಪ್ರೆಸ್ಸಿನ ಮಷಿನ್ ಕೋಣೆಗೇ ನುಗ್ಗಿಬಿಟ್ಟಿದ್ದ.

ಅವಳು ಸೀಮೆಎಣ್ಣೆ ಬಟ್ಟೆ ಹಿಡಿದು ರೋಲರ್ ಒರೆಸುತ್ತಿದ್ದಳು. ಮೊಣಕೈವರೆಗೆ ಕೆಂಪು ಇಂಕು. ತಲೆ ಎತ್ತಿ ನೋಡಿದವಳು ನಕ್ಕಳು ಕೂಡ. ಎರಡು ದಿನ ಊಟ ತಿಂಡಿ ಮರೆತು ಮಾಡಿದ ಕೆಲಸ ಅದು; ಹೊಗಳಿಸಿಕೊಳ್ಳಲು ಮನಸ್ಸು ತುದಿಗಾಲಲ್ಲಿ ನಿಂತಿತ್ತು.

"ನಾನೇ," ಎಂದಳು. "ಥ್ಯಾಂಕ್ಸ್ ಹೇಳೋಕೆ ಇಷ್ಟು ಜೋರಾಗಿ ಕೂಗ್ಬೇಕಾಗಿರ್ಲಿಲ್ಲ."

"ಥ್ಯಾಂಕ್ಸಾ? ಹಾಳು ಮಾಡಿದ್ದೀರ ರೀ! ಮುನ್ನೂರು ಕ್ಯಾಲೆಂಡರ್ ಪೂರ್ತಿ ಹಾಳು ಮಾಡಿದ್ದೀರ!"

ಅವಳ ನಗು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿತು.

ಅವನೊಬ್ಬ ಡ್ರಾಯಿಂಗ್ ಮೇಷ್ಟ್ರು. ಹೈಸ್ಕೂಲ್ ಮಕ್ಕಳಿಗೆ ಹೂಜಿ, ಹಣ್ಣು ಬರೆಯಲು ಕಲಿಸುವುದು ಹೊಟ್ಟೆಪಾಡು. ಗಗನಬಂಟ ಅವನ ಹುಚ್ಚು. ಗಗನಬಂಟ ಎಂದರೆ ಕೆಂಪು ಕೇಪ್ ತೊಟ್ಟು ಆಕಾಶದಲ್ಲಿ ಹಾರಿ ಕೆಟ್ಟವರ ಹುಟ್ಟಡಗಿಸುತ್ತಿದ್ದ ಕಾಮಿಕ್ಸ್ ಹೀರೋ. ಆ ಪುಸ್ತಕಗಳು ನಿಂತು ಎಷ್ಟೋ ವರ್ಷಗಳಾಗಿದ್ದವು. ನಿಲ್ಲುವ ಮುಂಚೆ ಕಂಪನಿಯವರು ಒಂದೇ ಒಂದು ಸಲ ಗೋಡೆ ಕ್ಯಾಲೆಂಡರ್ ಹೊರಡಿಸಿದ್ದರು. ತಿಂಗಳಿಗೊಂದು ಚಿತ್ರ, ಕಪ್ಪು-ಕೆಂಪು ಎರಡೇ ಬಣ್ಣ, ತಾರೀಖಿನ ಚೌಕಗಳೊಳಗೆ ಇರುವೆಯಷ್ಟು ಅಕ್ಷರದಲ್ಲಿ ಹೀರೋಗಳ ಹುಟ್ಟಿದ ದಿನ, ಖಳರು ಜೈಲು ಒಡೆದ ದಿನ. ಆ ವರ್ಷದ ವಾರ-ತಾರೀಖುಗಳು ಬರುವ ವರ್ಷಕ್ಕೆ ಒಂದೂ ತಪ್ಪದೆ ಕೂಡಿಬರುತ್ತವೆ ಎಂದು ಅಭಿಮಾನಿಗಳ ಗುಂಪಿನಲ್ಲಿ ಮೊದಲು ಕಂಡುಹಿಡಿದವನು ಅವನೇ. ಅಲ್ಲಿಂದ ಶುರುವಾಯಿತು. ಹಳೇ ಕ್ಯಾಲೆಂಡರಿಗೆ ಕಾಣಿಕೆಯಾಗಿ ಹೊಸದೊಂದನ್ನು ಹಳೇ ರೀತಿಯಲ್ಲೇ ಮಾಡುತ್ತೇನೆಂದು ಹಟ ತೊಟ್ಟ. ಕಂಪ್ಯೂಟರ್ ಮುಟ್ಟಲಿಲ್ಲ. ಹನ್ನೆರಡು ಚಿತ್ರವನ್ನೂ ತಾನೇ ಬರೆದು, ಕಪ್ಪು ಗೆರೆಗೊಂದು ಪಾರದರ್ಶಕ ಫಿಲ್ಮ್, ಕೆಂಪಿಗೊಂದು ಫಿಲ್ಮ್ ಮಾಡಿ, ಒಂದರ ಮೇಲೊಂದು ಟೇಪಿನಲ್ಲಿ ಅಂಟಿಸಿ ಪ್ರೆಸ್ಸಿಗೆ ತಂದುಕೊಟ್ಟಿದ್ದ.

ಆ ಫಿಲ್ಮುಗಳಲ್ಲಿ ಕೆಂಪು ತನ್ನ ಗೆರೆಯೊಳಗೆ ಕೂತಿರಲಿಲ್ಲ. ಎರಡು ಮಿಲಿಮೀಟರ್ ಆಚೆ ಜರುಗಿತ್ತು. ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ. ಪಾಪ, ಅಂಟಿಸಲು ಬಂದಿಲ್ಲ ಎಂದುಕೊಂಡಳು ಅವಳು. ಫಿಲ್ಮುಗಳಿಂದ ಅಚ್ಚಿನ ಪ್ಲೇಟ್ ಮಾಡಲು ಟೇಪ್ ಕಿತ್ತಳು. ಹೇಗೆ ಕೂಡಿಸಬೇಕೆಂದು ತೋರಿಸುವ ಗುರುತು ಅಂಚಿನಲ್ಲಿ ಒಂದೂ ಇರಲಿಲ್ಲ. ಆರ್ಡರ್ ಚೀಟಿಯಲ್ಲೂ ಒಂದಕ್ಷರ ಇರಲಿಲ್ಲ. ಕಣ್ಣಳತೆಯಲ್ಲೇ ಒಂದೊಂದು ತಿಂಗಳನ್ನೂ ಕೂದಲೆಳೆ ವ್ಯತ್ಯಾಸ ಬರದಂತೆ ಕೂಡಿಸಿ ಅಚ್ಚು ಹಾಕಿದ್ದಳು.

"ನೋಡಿದ್ರೆ ಗೊತ್ತಾಗಲ್ವಾ?" ಅವನು ಕ್ಯಾಲೆಂಡರನ್ನು ಅವಳ ಮೂಗಿನ ಹತ್ತಿರ ತಂದ. "ಅದು ಬೇಕಂತಲೇ ಮಾಡಿದ್ದು!"

"ಬೇಕಂತ ತಪ್ಪು ಮಾಡ್ತಾರೇನ್ರೀ ಯಾರಾದ್ರೂ?"

"ತಪ್ಪಲ್ಲ ಅದು, ವೇಗ! ಗಗನಬಂಟ ಎಷ್ಟು ಜೋರಾಗಿ ಹಾರ್ತಾನೆ ಅಂದ್ರೆ ಅವನ ಬಣ್ಣಾನೇ ಅವನಿಂದ ಹಿಂದೆ ಬೀಳತ್ತೆ. ಹಳೇ ಕ್ಯಾಲೆಂಡರಿನ ಪ್ರಾಣ ಇರೋದೇ ಅದ್ರಲ್ಲಿ."

"ಫೆಬ್ರವರಿಯಲ್ಲಿ ಅವನು ಕುರ್ಚಿ ಮೇಲೆ ಕೂತು ಪೇಪರ್ ಓದ್ತಿದ್ದಾನೆ," ಎಂದಳು ಅವಳು. "ಕೂತಲ್ಲೇ ಎಲ್ಲಿಗೆ ಹಾರ್ತಿದ್ದ?"

ಅವನ ಕಿವಿ ಎರಡೂ ತುದಿಯಿಂದ ಬುಡದವರೆಗೆ ಕೆಂಪಾದವು. ಇಷ್ಟು ಸಿಟ್ಟಿನಲ್ಲೂ ಅವಳು ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನ ಮೇಲೇ ರೇಗಿದಳು.

"ನಿಮ್ಗೆ ಅರ್ಥ ಆಗಲ್ಲ ಬಿಡಿ," ಎಂದ ಅವನು. "ಭಾನುವಾರ ಅಭಿಮಾನಿಗಳೆಲ್ಲ ಸೇರ್ತಿದ್ದಾರೆ. ಎಲ್ಲಿಂದೆಲ್ಲಿಂದಲೋ ಬರ್ತಿದ್ದಾರೆ. ಅವರ ಕೈಗೆ ನಾನು ಇದನ್ನ ಕೊಡ್ಲಾ? ಓನರ್ ಎಲ್ಲಿ? ಓನರನ್ನ ಕರೀರಿ!"

ಕರೆಯುವುದೇ ಬೇಡವಾಗಿತ್ತು. ಆ ಕೂಗಿಗೆ ಮಾವ ಆಗಲೇ ಬಾಗಿಲಲ್ಲಿದ್ದರು.

ಪ್ರೆಸ್ಸು ಅವಳ ಸೋದರಮಾವನದು. ಆರು ವರ್ಷ ಬೈಂಡಿಂಗ್ ಟೇಬಲ್ಲಿನಲ್ಲಿ ಹಾಳೆ ಮಡಚುತ್ತಲೇ, ಮಷಿನ್‌ಮ್ಯಾನ್ ಅಣ್ಣಯ್ಯನ ಬೆನ್ನು ಬಿಡದೆ, ಬೈಸಿಕೊಂಡು, ಕಾಡಿ ಬೇಡಿ ಅವಳು ಮಷಿನ್ ಕಲಿತಿದ್ದಳು. ಅಣ್ಣಯ್ಯ ಮುಂದಿನ ತಿಂಗಳು ಕೆಲಸ ಬಿಡುವವರಿದ್ದರು. ಹೊರಗಿನವನೊಬ್ಬನನ್ನು ತರಬೇಕೆಂದಿದ್ದ ಮಾವನ ಹತ್ತಿರ ಹಟ ಹಿಡಿದು ಈ ಒಂದು ಕೆಲಸ ಇಸಿದುಕೊಂಡಿದ್ದಳು. 'ಇದೊಂದನ್ನ ನೀನೇ ಮಾಡು ಪುಟ್ಟಿ. ದೂರು ಬರ್ಲಿಲ್ಲ ಅಂದ್ರೆ ಮಷಿನ್ ನಿಂದು. ಬಂತೋ, ಮತ್ತೆ ಬೈಂಡಿಂಗು, ಇನ್ನೊಂದ್ಸಲ ಈ ಮಾತು ಎತ್ತಬಾರ್ದು,' ಎಂದಿದ್ದರು ಮಾವ.

ದೂರು ಬಂದಿತ್ತು. ಬಂದದ್ದಲ್ಲ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಮಾವ ಅವನ ಮಾತು ಪೂರ್ತಿ ಕೇಳಿದರು. ಅವಳ ಮಾತು ಅರ್ಧ ಕೇಳಿದರು. ಗಿರಾಕಿ ಎಂದರೆ ಮಾವನಿಗೆ ದೊಡ್ಡವರು. ಅದು ಅವರ ಸ್ವಭಾವ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

"ಅಣ್ಣಯ್ಯ ಮತ್ತೆ ಹಾಕ್ಕೊಡ್ತಾರೆ ಸರ್, ನಮ್ಮ ಖರ್ಚಲ್ಲೇ," ಎಂದರು. ಅವಳ ಕಡೆ ತಿರುಗಿ, "ಪುಟ್ಟಿ, ಏಪ್ರನ್ ಬಿಚ್ಚಿಡು. ಪ್ರೋಗ್ರೆಸ್ ಕಾರ್ಡು ಬಂದಿವೆ, ಮಡಚೋದಿದೆ," ಎಂದರು.

"ಮಾವ, ಚೀಟಿಯಲ್ಲಿ ಬರೆದೇ ಇರ್ಲಿಲ್ಲ..."

"ಮಾತಾಗಿತ್ತಲ್ವಾ ನಮ್ಮಿಬ್ಬರದು?"

ಏಪ್ರನ್ ಬಿಚ್ಚಿದಳು. ಮಡಚಲಿಲ್ಲ, ಉಂಡೆ ಮಾಡಿ ಸ್ಟೂಲಿನ ಮೇಲೆ ಎಸೆದಳು. ಡ್ರಾಯಿಂಗ್ ಮೇಷ್ಟ್ರು ಆ ಉಂಡೆಯನ್ನೂ ಅವಳನ್ನೂ ನೋಡಿದ. ಏನೋ ಆಗಬಾರದ್ದು ಆಯಿತೆಂದು ಆಗ ಹೊಳೆಯಿತೆಂದು ಕಾಣುತ್ತದೆ.

"ಅಲ್ಲ ಸರ್, ನಾನು ಅಷ್ಟೊಂದು..." ಎಂದು ತೊದಲಿದ.

"ನೀವು ಸುಮ್ನಿರಿ ಮೇಷ್ಟ್ರೇ," ಎಂದಳು ಅವಳು, ಪಕ್ಕದಿಂದ ಹಾದುಹೋಗುತ್ತ. "ಹೇಳೋದೆಲ್ಲ ಹೇಳಿ ಆಯ್ತಲ್ಲ."

*

ಮರುದಿನ ಶಾಲೆ ಬಿಟ್ಟಮೇಲೆ ಅವನು ಮತ್ತೆ ಬಂದ. ಈ ಸಲ ಹಲಗೆ ಎತ್ತಲಿಲ್ಲ. ಕೌಂಟರಿನಲ್ಲಿ ನಿಂತು ಕೇಳಿಯೇ ಒಳಗೆ ಬಂದ. ಕಂಕುಳಲ್ಲಿ ಉದ್ದನೆಯ ರಟ್ಟಿನ ಕೊಳವೆ. ಅಣ್ಣಯ್ಯನಿಗೆ ತೋರಿಸಲೆಂದು ಹಳೇ ಕ್ಯಾಲೆಂಡರನ್ನೇ ತಂದಿದ್ದ.

ಪ್ರೆಸ್ಸಿನವರು ಅವಳನ್ನು ಬೆನ್ನ ಹಿಂದೆ ಘಾಟಿ ಎನ್ನುತ್ತಿದ್ದರು; ಎದುರಿಗೆ ಅನ್ನುವ ಎದೆ ಯಾರಿಗೂ ಇರಲಿಲ್ಲ. ಆ ದಿನವಂತೂ ಟೇಬಲ್ಲಿನ ಹತ್ತಿರ ಸುಳಿದವರೇ ಇಲ್ಲ. ಒಂದೊಂದು ಕಾರ್ಡನ್ನೂ ಮಡಚಿ, ಮಡಿಕೆಯ ಮೇಲೆ ಮರದ ಪಟ್ಟಿಯನ್ನು ಪಟಾರನೆ ಎಳೆಯುತ್ತಿದ್ದಳು. ಅವನು ಎದುರಿನ ಸ್ಟೂಲನ್ನು ಎಳೆದುಕೊಂಡು ಕೂತ.

"ನಿನ್ನೆ ನಾನು ಸ್ವಲ್ಪ ಜೋರಾಗಿ..."

"ಸ್ವಲ್ಪಾನಾ? ಪಕ್ಕದ ಬೀದಿ ಕಟಿಂಗ್ ಶಾಪಿನವನು ಅರ್ಧ ಗಡ್ಡದ ಗಿರಾಕೀನ ಬಿಟ್ಟು ಓಡಿಬಂದಿದ್ದ, ಏನಾಯ್ತು ಅಂತ."

"ನಿಮ್ಮ ಮಷಿನ್ ಹೋಗತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಆಗ್ಲೂ ಕೂಗ್ತಿದ್ದೆ. ಆದ್ರೆ ಓನರನ್ನ ಕರೀತಿರ್ಲಿಲ್ಲ. ನಿಮ್ಮ ಹತ್ರ ಮಾತ್ರ ಕೂಗ್ತಿದ್ದೆ."

ಅವಳ ತುಟಿಯ ತುದಿ ನಗುವಿಗೆ ಎಳೆಯಿತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕ್ಷಮೆ ಕೇಳಲು ಬಂದವನು ನಿಜ ಹೇಳಿದರೆ ಬೈಯುವುದು ಕಷ್ಟವಾಗುತ್ತದೆ. ಇವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಅದಕ್ಕೂ ಸಿಟ್ಟು ಬಂತು.

ಮಷಿನ್ ಕೋಣೆಯಿಂದ ಅಣ್ಣಯ್ಯನ ಗೊಣಗಾಟ ಕೇಳುತ್ತಿತ್ತು. ಬೆಳಗಿನಿಂದ ಜನವರಿಯ ಮೇಲೇ ಕೂತಿದ್ದರು. ಎರಡು ಮಿಲಿಮೀಟರ್ ಜರುಗಿಸುತ್ತಾರೆ, ನಾಲ್ಕು ಹಾಳೆ ಸರಿಯಾಗಿ ತಪ್ಪುತ್ತವೆ, ಐದನೆಯದಕ್ಕೆ ಅವರ ಕೈ ತಾನಾಗಿಯೇ ತಿರುಪು ತಿರುಗಿಸಿ ಸರಿ ಮಾಡಿಬಿಡುತ್ತದೆ. ಮೂವತ್ತು ವರ್ಷದ ಅಭ್ಯಾಸ. ಕೊನೆಗೆ ಹೊರಗೆ ಬಂದು, "ಈ ಕೈಗೆ ತಪ್ಪು ಮಾಡೋಕೆ ಬರಲ್ಲ ಸ್ವಾಮಿ," ಎಂದು ಕೈ ಮುಗಿದು ಟೀ ಕುಡಿಯಲು ಹೊರಟುಹೋದರು.

ಟೇಬಲ್ಲಿನ ಮೇಲೆ ಹಳೇ ಕ್ಯಾಲೆಂಡರ್ ಬಿಡಿಸಿಕೊಂಡು ಬಿದ್ದಿತ್ತು. ಅವಳು ನೋಡಬಾರದೆಂದುಕೊಂಡಳು. ಹತ್ತು ಕಾರ್ಡು ಮಡಚಿದಳು. ಹನ್ನೊಂದನೆಯದಕ್ಕೆ ಡ್ರಾಯರ್ ಎಳೆದು ಭೂತಗನ್ನಡಿ ತೆಗೆದಳು.

"ಮುಟ್ಬೋದಾ?"

"ಕೈ ತೊಳ್ಕೊಂಡು..."

ಅವಳು ನೋಡಿದ ನೋಟಕ್ಕೆ ಅವನು, "ಮುಟ್ಟಿ, ಮುಟ್ಟಿ," ಎಂದ.

ಕನ್ನಡಿಯನ್ನು ಕಣ್ಣಿಗೆ ಒತ್ತಿ ಜನವರಿಯ ಮೇಲೆ ಬಾಗಿದಳು. ಆಮೇಲೆ ಫೆಬ್ರವರಿ. ಆಮೇಲೆ ಮಾರ್ಚ್. ಸ್ಕೇಲು ಇಟ್ಟು ಅಳೆದು, ಒಂದು ಕೆಟ್ಟುಹೋದ ಪ್ರೋಗ್ರೆಸ್ ಕಾರ್ಡಿನ ಹಿಂದೆ ಬರೆಯುತ್ತ ಹೋದಳು. ಅವನು ಮೊದಲು ಕ್ಯಾಲೆಂಡರನ್ನು ನೋಡುತ್ತಿದ್ದ. ಜೂನ್ ಹೊತ್ತಿಗೆ ಅವಳನ್ನು ನೋಡುತ್ತಿದ್ದ. ಒಂದು ಕಣ್ಣು ಮುಚ್ಚಿದಾಗ ಮೇಲೇರುವ ಆ ಹುಬ್ಬು, ಉಸಿರು ಬಿಗಿಹಿಡಿದಾಗ ಅಲುಗಾಡದ ಮೂಗುತಿ, ದವಡೆಯ ಕೆಳಗೆ ನಿನ್ನೆಯಿಂದ ಹೋಗದೆ ಉಳಿದ ಒಂದು ಚುಕ್ಕೆ ಕೆಂಪು ಇಂಕು. ಅವಳು ತಲೆ ಎತ್ತಿದೊಡನೆ ಅವನ ಕಣ್ಣು ಫ್ಯಾನಿನ ಕಡೆ ಹೋಯಿತು. ಫ್ಯಾನ್ ನಿಂತಿತ್ತು.

"ಫ್ಯಾನಲ್ಲಿ ಏನಾದ್ರೂ ಬರೆದಿದೆಯಾ ಮೇಷ್ಟ್ರೇ?"

"ಇಲ್ಲ."

"ಹಾಗಾದ್ರೆ ಇಲ್ಲಿ ನೋಡಿ. ಜನವರಿಯಲ್ಲಿ ಕೆಂಪು ಜರುಗಿರೋದು ಅರ್ಧ ಮಿಲಿಮೀಟರ್. ಮಾರ್ಚಲ್ಲಿ ಒಂದು. ಜುಲೈಲಿ ಎರಡು. ಡಿಸೆಂಬರಲ್ಲಿ ಮೂರೂವರೆ. ಒಂದೇ ಕಡೆಗೆ, ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪ ಜಾಸ್ತಿ. ಇದೇನು ಗೊತ್ತಾ?"

ಅವನ ಮುಖ ಅರಳಿತು. "ವರ್ಷ ಪೂರ್ತಿ ಅವನ ವೇಗ ಏರ್ತಾ ಹೋಗಿದೆ!"

"ಸ್ಕ್ರೂ ಸಡಿಲ ಆಗಿದೆ."

"ಏನು?"

"ಆ ಮಷಿನಿಂದು ರೀ. ಪ್ಲೇಟ್ ಹಿಡಿಯೋ ಸ್ಕ್ರೂ. ಜನವರಿಯಿಂದ ಅಚ್ಚು ಹಾಕ್ತಾ ಬಂದಿದ್ದಾರೆ, ಅದು ಸಡಿಲ ಆಗ್ತಾ ಬಂದಿದೆ, ಯಾವ ಪುಣ್ಯಾತ್ಮನೂ ಬಿಗಿ ಮಾಡಿಲ್ಲ. ವೇಗಾನೂ ಇಲ್ಲ, ಪ್ರಾಣಾನೂ ಇಲ್ಲ." ಹೇಳುತ್ತ ಹೇಳುತ್ತ ಅವಳ ಸಿಟ್ಟಿಗೆ ಹೊಸ ಗಾಳಿ ಸಿಕ್ಕಿತು. "ಅದಿರ್ಲಿ, ನೀವು ಹನ್ನೆರಡು ತಿಂಗಳಿಗೂ ಎರಡೇ ಮಿಲಿಮೀಟರ್ ಹಾಕಿದ್ದೀರಲ್ಲ. ನಿಮ್ಮ ತಪ್ಪೂ ತಪ್ಪೇ! ಅದಕ್ಕೆ ನನ್ನ ಮಷಿನ್ ಹೋಯ್ತು!"

ಅವನು ತಿರುಗಿ ಕೂಗುತ್ತಾನೆಂದು ಕಾದಳು. ಕೂಗಿದ್ದರೆ ಚೆನ್ನಾಗಿತ್ತು. ಅವನು ಕ್ಯಾಲೆಂಡರನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಹೆಬ್ಬೆರಳಿನಿಂದ ಅಂಚು ನೇವರಿಸಿದ.

"ಚಿಕ್ಕವನಿದ್ದಾಗ ನಂಗೆ ಗೆರೆ ಒಳಗೆ ಬಣ್ಣ ತುಂಬೋಕೆ ಬರ್ತಿರ್ಲಿಲ್ಲ," ಎಂದ. "ಕೈ ನಡುಗ್ತಿತ್ತು. ಬಣ್ಣ ಆಚೆ ಹೋಗ್ತಿತ್ತು. ಟೀಚರು ನನ್ನ ಪುಸ್ತಕ ಎತ್ತಿ ಹಿಡಿದು ಕ್ಲಾಸಿಗೆಲ್ಲ ತೋರಿಸ್ತಿದ್ರು, ಹೀಗೆ ಮಾಡಬಾರ್ದು ಅಂತ. ಇದು ನಮ್ಮನೆ ಅಡುಗೆಮನೆ ಗೋಡೆ ಮೇಲಿತ್ತು. ಒಂದಿನ ನೋಡ್ತೀನಿ, ಗಗನಬಂಟನ ಬಣ್ಣಾನೂ ಗೆರೆ ದಾಟಿದೆ. ಅಷ್ಟು ದೊಡ್ಡ ಹೀರೋದು! ಆವತ್ತಿಂದ ನಾನು ಅಳೋದು ಬಿಟ್ಟೆ." ಆಮೇಲೆ, "ಸ್ಕ್ರೂ ಅಂತ ಗೊತ್ತಿರ್ಲಿಲ್ಲ," ಎಂದು ನಗಲು ನೋಡಿದ. ನಗು ಬರಲಿಲ್ಲ.

ಆ ಟೀಚರ್ ಘಾಟಿಯ ಎದುರಿಗೆ ಸಿಕ್ಕಿದ್ದರೆ ಅವರ ಗತಿ ಅಷ್ಟೇ ಇತ್ತು. ಇದ್ದವನು ಇವನೊಬ್ಬನೇ, ಇವನ ಮೇಲೆ ಸಿಟ್ಟು ಮಾಡಲು ಈಗ ಆಗುತ್ತಿಲ್ಲ.

"ಆ ಟೀಚರಿಗೆ ಬುದ್ಧಿ ಇರ್ಲಿಲ್ಲ," ಎಂದಳು ಒರಟಾಗಿ, ಕಾರ್ಡುಗಳ ಕಡೆ ತಿರುಗಿ.

*

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಜಾಣನೆನಿಸಿಕೊಳ್ಳುತ್ತಿದ್ದ. ಗುರುವಾರ ಶಾಲೆಗೆ ರಜೆ ಹಾಕಿ ಬಂದವನು ನೇರ ಮಾವನ ಮೇಜಿನೆದುರು ನಿಂತ. ಬೈಂಡಿಂಗ್ ಟೇಬಲ್ಲಿಗೆ ಒಂದೊಂದು ಮಾತೂ ಕೇಳುತ್ತಿತ್ತು.

"ತಪ್ಪು ನಂದು ಸರ್. ಚೀಟಿಯಲ್ಲಿ ಬರೀಬೇಕಿತ್ತು, ಬರೀಲಿಲ್ಲ. ಅವರೇ ಹಾಕ್ಲಿ. ಅವರಿಗೆ ಕೊಡಲ್ಲ ಅಂದ್ರೆ ನಾನು ಕೆಲ್ಸ ವಾಪಸ್ ತಗೊಂಡು ಬೇರೆ ಪ್ರೆಸ್ಸಿಗೆ ಹೋಗ್ತೀನಿ."

ಮರದ ಪಟ್ಟಿ ಟೇಬಲ್ಲಿನ ಮೇಲೆ ಬಿದ್ದ ಸದ್ದಿಗೆ ಮಾವ ಬೆಚ್ಚಿಬಿದ್ದರು. ಅವಳು ಎರಡೇ ಹೆಜ್ಜೆಯಲ್ಲಿ ಬಾಗಿಲಲ್ಲಿದ್ದಳು.

"ನಿಮ್ಮನ್ನ ಯಾರು ಕರೆದ್ರು?"

"ನಾನು ನಿಮಗೋಸ್ಕರ..."

"ನಂಗೋಸ್ಕರ! ಮಂಗಳವಾರ ನಿಮ್ಮ ಬಾಯಿಂದ ಮಷಿನ್ ಹೋಯ್ತು, ಗುರುವಾರ ನಿಮ್ಮ ಬಾಯಿಂದ ಮಷಿನ್ ಬರ್ಬೇಕಾ? ನೀವೇನು ಗಗನಬಂಟಾನಾ, ಮೇಲಿಂದ ಹಾರಿಬಂದು ನನ್ನ ಎತ್ಕೊಂಡು ಹೋಗೋಕೆ? ನಾಳೆ ಪ್ರೆಸ್ಸಲ್ಲಿ ಎಲ್ಲರೂ ಏನಂತಾರೆ? ಮೇಷ್ಟ್ರು ಶಿಫಾರಸು ಮಾಡಿದ್ರು, ಮಾವ ಕೊಟ್ರು ಅಂತಾರೆ. ನಂಗೆ ಕೆಲ್ಸ ಬರತ್ತೆ ಅಂತ ಯಾರಂತಾರೆ?"

ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೂ ಅಳುವಿಗೂ ಒಂದೇ ಬಾಗಿಲು ಇಟ್ಟಿದ್ದಕ್ಕೆ ಅವಳಿಗೆ ತನ್ನ ಕಣ್ಣುಗಳ ಮೇಲೂ ಸಿಟ್ಟಿತ್ತು. ಅವನು "ಸರಿ," ಎಂದು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ. ಅವಳು ಮುಂದಿನ ಮಾತಾಡಲು ಅಷ್ಟು ಜಾಗ ಸಾಕಾಯಿತು.

"ಮಾವ, ಅಣ್ಣಯ್ಯ ಒಂದು ದಿನ ಪೂರ್ತಿ ನೋಡಿದ್ರು, ಜನವರಿ ಒಂದೇ ಆಗ್ಲಿಲ್ಲ. ನಂಗೆ ಮಧ್ಯಾಹ್ನದವರೆಗೆ ಕೊಡಿ. ಡಿಸೆಂಬರ್ ಪ್ಲೇಟು ಹಾಕಿ ಐವತ್ತು ಹಾಳೆ ತೆಗೀತೀನಿ. ಐವತ್ತರಲ್ಲೂ ಕೆಂಪು ಹಳೇದ್ರಲ್ಲಿರೋ ಹಾಗೆ ಮೂರೂವರೆ ಮಿಲಿಮೀಟರೇ ಜರುಗಿರ್ಬೇಕು. ಒಂದು ಹಾಳೆ ಆಚೆ ಈಚೆ ಆದ್ರೂ ನಾನೇ ಬೈಂಡಿಂಗಿಗೆ ಹೋಗ್ತೀನಿ, ಮತ್ತೆ ಯಾವತ್ತೂ ಕೇಳಲ್ಲ. ಅಣ್ಣಯ್ಯನೇ ನೋಡಿ ಹೇಳ್ಲಿ, ಈ ಮೇಷ್ಟ್ರಲ್ಲ."

ಮಾವ, ಸದ್ದಿಗೆ ಹೊರಗೆ ಬಂದಿದ್ದ ಅಣ್ಣಯ್ಯನ ಮುಖ ನೋಡಿದರು. ಅಣ್ಣಯ್ಯ ಭುಜ ಹಾರಿಸಿ, "ಹಾಕ್ಲಿ ಬಿಡಿ ಸಾಮಿ. ನನ್ನ ಸೊಂಟಕ್ಕಾದ್ರೂ ವಿರಾಮ," ಎಂದರು.

ಉಪಾಯ ಅವಳ ತಲೆಯಲ್ಲಿ ಹಿಂದಿನ ಸಂಜೆಯೇ ಮೊಳೆತಿತ್ತು. ಕೈಗೆ ಸರಿ ಮಾಡುವ ಚಾಳಿ ಇದೆಯಲ್ಲ, ಆ ಚಾಳಿಯನ್ನೇ ಬಳಸಿಕೊಂಡರಾಯಿತು. ಕಪ್ಪಿನ ಫಿಲ್ಮಿನ ಅಂಚಿಗೆ ಒಂದು ಸಣ್ಣ ಕ್ರಾಸ್ ಗುರುತು, ಕೆಂಪಿನ ಫಿಲ್ಮಿನ ಅಂಚಿಗೆ ಇನ್ನೊಂದು. ಕೆಂಪಿನ ಗುರುತನ್ನು ಮಾತ್ರ ಎಷ್ಟು ಬೇಕೋ ಅಷ್ಟು ಸರಿಸಿ ಎಳೆಯುವುದು. ಮಷಿನಿನ ಮೇಲೆ ಗುರುತಿಗೆ ಗುರುತು ಸರಿಯಾಗಿ ಕೂಡಿಸಿದರೆ ಸಾಕು, ಚಿತ್ರ ತಾನಾಗಿಯೇ ತಪ್ಪುತ್ತದೆ. ಕೈ ತನ್ನ ಧರ್ಮ ಬಿಡುವುದೇ ಬೇಡ.

ಆದರೆ ಗುರುತು ಕೂದಲಿನಷ್ಟು ತೆಳುವಾಗಿರಬೇಕು. ಅಂಥ ಗೆರೆ ಎಳೆಯುವ ಕೈ ಪ್ರೆಸ್ಸಿನಲ್ಲಿ ಯಾರಿಗೂ ಇರಲಿಲ್ಲ.

ಗೋಡೆಗೆ ಒರಗಿದ್ದವನ ಕಡೆ ಅವಳು ನೋಡದೆಯೇ ಹೇಳಿದಳು, "ಮೇಷ್ಟ್ರೇ, ಶಿಫಾರಸು ಬೇಡ. ಪೆನ್ನು ಹಿಡೀತೀರಾ?"

ಅವನು ಓಡಿಬಂದ.

ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು ಇಬ್ಬರಿಗೆ ಚಿಕ್ಕದು. ಅವಳು ಅಳತೆ ಹೇಳುವುದು, ಅವನು ಗೆರೆ ಎಳೆಯುವುದು. ಭುಜಕ್ಕೆ ಭುಜ ತಗುಲಿದಾಗ ಇಬ್ಬರೂ ಒಂದೇ ಸಲ ಸರಿದರು, ಸರಿದ ಮೇಲೆ ಗೆರೆ ಕಾಣದೆ ಇಬ್ಬರೂ ಒಂದೇ ಸಲ ಹತ್ತಿರ ಬಂದರು. ಗಾಜಿನ ಬೆಳಕು ಅವನ ಗಲ್ಲದ ಕೆಳಗೆ ಬಿದ್ದು, ಕ್ಷೌರದಲ್ಲಿ ತಪ್ಪಿಸಿಕೊಂಡ ಎರಡು ಕೂದಲು ಹೊಳೆಯುತ್ತಿದ್ದವು. ಇವನ್ನು ನೋಡಲು ಇಲ್ಲಿ ನಿಂತಿದ್ದೇನೆಯೇ ಎಂದು ಅವಳು ಸ್ಕೇಲಿಗೆ ಕಣ್ಣು ಇಳಿಸಿದಳು.

"ಕೈ ನಡುಗ್ತಿದೆ ನಿಮ್ದು," ಎಂದಳು.

"ಮೊದ್ಲೇ ಹೇಳಿದ್ನಲ್ಲ."

"ನಿನ್ನೆ ಹೇಳಿದ್ದು ಚಿಕ್ಕವರಿದ್ದಾಗಿನ ಕತೆ."

"ಮಧ್ಯೆ ನಿಂತಿತ್ತು," ಎಂದ ಅವನು, ಪೆನ್ನಿನ ತುದಿಯನ್ನೇ ನೋಡುತ್ತ. "ಇವತ್ತು ಮತ್ತೆ ಶುರುವಾಗಿದೆ."

ಅವಳು ಫಿಲ್ಮಿನ ಮೇಲೆ ಬಾಗಿದಳು. ಡಿಸೆಂಬರ್ ಹಾಳೆಯ ಒಂದು ಚೌಕದಲ್ಲಿ ಅವನ ಇರುವೆ ಅಕ್ಷರ ಕಂಡಿತು: 'ಗಗನಬಂಟ ಮೊದಲ ಸಲ ಸೋತ ದಿನ.' ಯಾರಿಗೆ ಸೋತನೆಂದು ಬರೆದಿರಲಿಲ್ಲ.

"ಯಾರ ಕೈಲಿ ಸೋತ?"

"ಅವನಿಗೇ ಇನ್ನೂ ಗೊತ್ತಾಗಿಲ್ಲ."

"ಮಾತು ಚೆನ್ನಾಗಿ ಬರತ್ತೆ ನಿಮ್ಗೆ. ಚೀಟಿಯಲ್ಲಿ ನಾಲ್ಕಕ್ಷರ ಬರೆಯೋಕೆ ಮಾತ್ರ ಬರಲ್ಲ," ಎಂದಳು. ಆದರೆ ಅಳತೆ ಹೇಳುವ ದನಿ ಆಮೇಲೆ ಸ್ವಲ್ಪ ತಗ್ಗಿತ್ತು, ಅದು ಇಬ್ಬರಿಗೂ ಗೊತ್ತಾಯಿತು.

ಪ್ಲೇಟು ಮಾಡಿ ಮಷಿನಿಗೆ ಏರಿಸಿದಾಗ ಹನ್ನೆರಡೂವರೆ. ಮಾವ ಬಂದು ನಿಂತರು. ಕಾಗದ ಕತ್ತರಿಸುವವನು, ಕೌಂಟರಿನವಳು, ಎಲ್ಲರಿಗೂ ಅದೇ ಹೊತ್ತಿಗೆ ಮಷಿನ್ ಕೋಣೆಯಲ್ಲಿ ಏನೋ ಕೆಲಸ ಬಂತು. ಅವಳು ಯಾರನ್ನೂ ನೋಡಲಿಲ್ಲ. ಗುರುತಿಗೆ ಗುರುತು ಕೂಡಿಸಿದಳು, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದಳು, ಕೊನೆಯದನ್ನು ಎರಡು ಸಲ ಮುಟ್ಟಿ ನೋಡಿದಳು.

ಐವತ್ತು ಹಾಳೆ ಬಂದವು. ಅಣ್ಣಯ್ಯ ಭೂತಗನ್ನಡಿ ಹಿಡಿದು, ಕೂತು, ಒಂದೊಂದನ್ನೇ ಹಳೇ ಡಿಸೆಂಬರಿನ ಪಕ್ಕ ಇಟ್ಟು ನೋಡಿದರು. ಅವಸರ ಎಂಬುದು ಆ ಮನುಷ್ಯನಿಗೆ ಹುಟ್ಟಿನಿಂದಲೇ ಇಲ್ಲ. ಮೂವತ್ತಾಯಿತು. ನಲವತ್ತಾಯಿತು. ನಲವತ್ತಮೂರನೆಯ ಹಾಳೆಯನ್ನು ಎರಡು ಸಲ ನೋಡಿದರು. ಅವಳು ಮಷಿನಿನ ಅಂಚು ಹಿಡಿದುಕೊಂಡಳು. ಅಣ್ಣಯ್ಯ ಹಾಳೆಯ ಮೇಲೆ ಕೂತಿದ್ದ ನೊಣವನ್ನು ಊದಿ ಓಡಿಸಿ ಮುಂದಿನದಕ್ಕೆ ಹೋದರು.

ಐವತ್ತನೆಯದನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿದರು.

"ಎಲ್ಲಾನೂ ತಪ್ಪಾಗಿದೆ," ಎಂದರು ಮಾವನಿಗೆ. "ಒಂದೇ ಥರ ತಪ್ಪಾಗಿದೆ. ನನ್ನ ಕೈಲಿ ಆಗ್ತಿರ್ಲಿಲ್ಲ."

ಮಾವ ಸ್ಟೂಲಿನ ಮೇಲೆ ಎರಡು ದಿನದಿಂದ ಉಂಡೆಯಾಗಿ ಬಿದ್ದಿದ್ದ ಏಪ್ರನ್ ಎತ್ತಿ ಕೊಡವಿ, ಅವಳ ಕೈಗೆ ಕೊಟ್ಟರು. "ಬೇರೆಯವನಿಗೆ ಬರ್ಬೇಡ ಅಂತ ಫೋನ್ ಮಾಡ್ತೀನಿ," ಎಂದಷ್ಟೇ ಹೇಳಿ ಹೊರಗೆ ಹೋದರು. ಹೋಗುವಾಗ ಮೂಗು ಒರೆಸಿಕೊಂಡರೋ ಇಲ್ಲವೋ, ಅವಳಿಗೆ ಸರಿಯಾಗಿ ಕಾಣಲಿಲ್ಲ.

*

ಶನಿವಾರ ಮಧ್ಯಾಹ್ನ. ಮಿಕ್ಕ ಹನ್ನೊಂದು ತಿಂಗಳೂ ಮುಗಿದು, ಡಿಸೆಂಬರಿನ ಉಳಿದ ಹಾಳೆಗಳ ಕೆಂಪು ಓಡುತ್ತಿತ್ತು. ಅದು ಮುಗಿದರೆ ಕೆಲಸ ಮುಗಿಯಿತು. ಡ್ರಾಯಿಂಗ್ ಮೇಷ್ಟ್ರು ಕಟ್ಟುಗಳನ್ನು ಒಯ್ಯಲು ಬಂದು ಮಷಿನಿನ ಆಚೆ ಬದಿಗೆ ನಿಂತಿದ್ದ. ಶುಕ್ರವಾರವೂ ರಜೆ ಹಾಕಿ ಬಂದಿದ್ದ, ಪಕ್ಕದಲ್ಲೇ ಕೂತು ಗುರುತು ಎಳೆದಿದ್ದ. ಇಡೀ ದಿನ ತಾರೀಖು, ಇಂಕು, ಟೀ, ಇವಿಷ್ಟೇ ಮಾತು. ಹೋಗುವಾಗ, "ನಾಳೆ ಬರ್ತೀನಿ," ಎಂದಿದ್ದ. ನಾಳೆ ಎಂದರೆ ಇವತ್ತು. ಇವತ್ತಿನ ಆಚೆಗೆ ಅವನು ಏನೂ ಹೇಳಿರಲಿಲ್ಲ, ಅವಳು ಕೇಳುವ ಜಾತಿಯವಳಲ್ಲ.

ಹಾಳೆಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಅವನ ತುಟಿ ಅಲುಗಿತು.

"ಏನು?" ಎಂದು ಅವಳು ಹುಬ್ಬು ಹಾರಿಸಿದಳು. ಆ ಸದ್ದಿನಲ್ಲಿ ತನ್ನ ದನಿಯೇ ತನಗೆ ಕೇಳಲಿಲ್ಲ.

ಅವನು ಮತ್ತೆ ಏನೋ ಹೇಳಿದ. ಕಿವಿ ಎರಡೂ ಕೆಂಪಗೆ ಉರಿಯುತ್ತಿದ್ದವು.

"ಆಮೇಲೆ ಹೇಳಿ!" ಎಂದು ಕೂಗಿದಳು. ಅವನು ತಲೆಯಾಡಿಸಿದ, ನಕ್ಕ, ಕೈ ಬೀಸಿ ಏನಿಲ್ಲ ಬಿಡಿ ಎಂದು ಸನ್ನೆ ಮಾಡಿ, ಕಟ್ಟುಗಳಿದ್ದ ಬಾಗಿಲ ಕಡೆ ತಿರುಗಿದ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಏನಿಲ್ಲವಂತೆ! ಮಷಿನ್ ತಾನಾಗಿ ನಿಂತ ಮೇಲೆ ಇವನು ಕಟ್ಟೆಲ್ಲ ಎತ್ತಿಕೊಂಡು, ಥ್ಯಾಂಕ್ಸ್ ಹೇಳಿ, ರಸ್ತೆ ದಾಟುತ್ತಾನೆ. ಹೇಳಿದ್ದನ್ನು ಹೇಳೇ ಇಲ್ಲವೆಂದು ಜೀವಮಾನ ಪೂರ್ತಿ ನೆಪ ಹೇಳುತ್ತಾನೆ.

ಓಡುವ ಮಷಿನನ್ನು ಮಧ್ಯದಲ್ಲಿ ಯಾರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ರೋಲರಿನ ನೀರಿಗೂ ಇಂಕಿಗೂ ಹೊಂದಾಣಿಕೆ ತಪ್ಪಿ, ಮತ್ತೆ ಶುರು ಮಾಡಿದಾಗ ಹತ್ತು ಹಾಳೆಯಾದರೂ ಹಾಳು. ಅಣ್ಣಯ್ಯ ಕರೆಂಟು ಹೋದ ಹೊರತು ನಿಲ್ಲಿಸಿದವರಲ್ಲ. ಅವಳು ಕೈ ಚಾಚಿ ಗುಂಡಿ ಒತ್ತಿದಳು.

ಕೋಣೆ ಒಮ್ಮೆಲೇ ಸ್ತಬ್ಧವಾಯಿತು.

"ಏನಾಯ್ತಮ್ಮಾ?" ಎಂದು ಹೊರಗಿನಿಂದ ಅಣ್ಣಯ್ಯ ಗಾಬರಿಯಿಂದ ಕೇಳಿದರು.

"ಏನಿಲ್ಲ ಅಣ್ಣಯ್ಯ. ನಾನೇ ನಿಲ್ಸಿದ್ದು." ಅವಳು ಅವನ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. "ಈಗ ಹೇಳಿ. ನಿಮ್ಮಿಂದ ಹತ್ತು ಹಾಳೆ ಹಾಳಾಗತ್ತೆ. ನೆಟ್ಟಗೆ ಕೇಳೋ ಹಾಗೆ ಹೇಳಿ."

ಅವನ ಕೈಯಲ್ಲಿದ್ದ ಕಟ್ಟು ಮೆಲ್ಲಗೆ ನೆಲಕ್ಕಿಳಿಯಿತು.

"ಇವತ್ತಾದ್ಮೇಲೆ ನಂಗೆ ಇಲ್ಲಿಗೆ ಬರೋಕೆ ಕೆಲ್ಸ ಇರಲ್ಲ."

"ಹೇಳಿದ್ದು ಇಷ್ಟೇನಾ? ಇಷ್ಟಕ್ಕೆ ಕಿವಿ ಯಾಕೆ ಹಾಗಾಗಿವೆ?"

"ಇಷ್ಟೇ ಅಲ್ಲ." ಅವನು ಉಸಿರು ಎಳೆದುಕೊಂಡ. "ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ಬೈಯುವಾಗ್ಲೂ ಇಷ್ಟ. ಬೈಯದೆ ಸುಮ್ನಿರೋವಾಗ ಭಯ ಆಗತ್ತೆ, ಆಗ್ಲೂ ಇಷ್ಟ. ಮಂಗಳವಾರ ನಿಮ್ಮ ಏಪ್ರನ್ ಬಿಚ್ಚಿಸಿದ್ದು ನಾನೇ. ಅದನ್ನ ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರ್ತಿಲ್ಲ. ಅಂಥವನು ಹೀಗೆ ಕೇಳ್ಬೋದಾ ಅಂತ ಎರಡು ದಿನದಿಂದ..."

"ಎರಡು ದಿನ!" ಅವಳ ಸ್ವರ ಬಿರಿಯಿತು. "ಎರಡು ದಿನ ಪಕ್ಕದಲ್ಲೇ ಕೂತಿದ್ರಲ್ಲ, ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ರಾ? ಮಷಿನ್ ಓಡೋವಾಗ್ಲೇ ಹೇಳ್ಬೇಕಿತ್ತಾ?"

"ಸದ್ದಲ್ಲಿ ಧೈರ್ಯ ಬಂತು."

ಅವಳಿಗೆ ನಗು ಬಂತು. ಈ ಸಲ ತುಟಿ ಕಚ್ಚಲಿಲ್ಲ. ನಗುತ್ತ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಂಪು ಬಳಿದುಕೊಂಡಳು. ಅವನು ಜೇಬಿನಿಂದ ಕರ್ಚೀಫ್ ತೆಗೆದು, ಮಷಿನ್ ಸುತ್ತಿ ಬಂದು, ಅವಳು ಬೇಡವೆನ್ನುತ್ತಾಳೇನೋ ಎಂದು ಒಂದು ಕ್ಷಣ ಕಾದು, ಆ ಕೆನ್ನೆಯನ್ನು ಒರೆಸಿದ. ಅವನ ಕೈ ಈಗಲೂ ನಡುಗುತ್ತಿತ್ತು. ಇಂಕು ಹೋಗಲಿಲ್ಲ, ಇನ್ನಷ್ಟು ಹರಡಿತು. ಅವಳು ಆ ಕೈಯನ್ನು ಅಲ್ಲೇ ಹಿಡಿದಳು.

"ನಂಗೂ ಇಷ್ಟ," ಎಂದಳು, ಜಗಳ ಮಾಡುವ ದನಿಯಲ್ಲೇ. "ಸೋಮವಾರ ಬಾ. ಕೆಲ್ಸ ಇಲ್ದೇನೇ ಬಾ. ಐದು ಗಂಟೆಗೆ ನಂದು ಮುಗಿಯತ್ತೆ."

"ನಿಜ್ವಾಗ್ಲೂ ಬರ್ಲಾ?"

"ಬರ್ದೆ ಇದ್ರೆ ನೋಡು ಮತ್ತೆ! ಈಗ ಆಚೆ ಹೋಗು, ಇಂಕು ಒಣಗ್ತಿದೆ."

ಅವನು ಹೋದ. ಬಾಗಿಲ ಹೊಸ್ತಿಲಿಗೆ ಎಡವಿ, ತಿರುಗಿ ನೋಡಿ, ಮತ್ತೆ ಎಡವಿ ಹೋದ. ಅವಳು ಗುಂಡಿ ಒತ್ತಿದಳು. ಹತ್ತಲ್ಲ, ಹದಿನಾಲ್ಕು ಹಾಳೆ ಹಾಳಾದವು. ಅವನ್ನು ಎತ್ತಿ ಪಕ್ಕಕ್ಕೆ ಹಾಕಿದಳು. ಮಾವ ಬಾಗಿಲಲ್ಲಿ ಇಣುಕಿ, ರಾಶಿಯನ್ನೂ ಅವಳ ಕೆನ್ನೆಯನ್ನೂ ನೋಡಿ, ಏನೂ ಕೇಳದೆ ಹೋದರು. ಮಷಿನ್ ಅವಳದು. ಯಾವಾಗ ನಿಲ್ಲಿಸಬೇಕೆಂಬುದೂ ಇನ್ನು ಅವಳಿಗೇ ಬಿಟ್ಟದ್ದು.